ಇಳಕಲ್ ಸೀರೆಯುಟ್ಟು ಆಸ್ಪತ್ರೆಗೆ

ನನಗೆ ಸಕ್ಕರೆ ಕಾಯಿಲೆ ಬರದಿದ್ದರೆ ಲಕ್ಕವ್ವ ನನಗೆ ಸಿಗುತ್ತಲೇ ಇರಲಿಲ್ಲ. ಆದ್ದರಿಂದ ಆ ಕಾಯಿಲೆಯನ್ನು ನಾನು ಪೂರ್ತಿ ಬೈಯುವುದಿಲ್ಲ, ಅರ್ಧ ಬೈಯುತ್ತೇನೆ.

"ಅನ್ನ ಕಮ್ಮಿ ಮಾಡಿ, ಜೋಳದ ರೊಟ್ಟಿ ತಿನ್ನಿ" ಎಂದು ಜಯನಗರದ ನಮ್ಮ ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಬೇರೆ ಗತಿಯಿಲ್ಲದೆ ಬಡವರು ತಿನ್ನುತ್ತಿದ್ದುದನ್ನು ಈಗ ಉಳ್ಳವರು ಡಾಕ್ಟರಿಗೆ ಫೀಸು ಕೊಟ್ಟು ಕೇಳಿಕೊಂಡು ಬಂದು ತಿನ್ನಬೇಕು. ಹಳೆ ಮೈಸೂರಿನವಳಾದ ನನಗೆ ರೊಟ್ಟಿ ತಟ್ಟುವುದು ಎಲ್ಲಿಂದ ಬರಬೇಕು? ನಾನು ತಟ್ಟಿದ್ದು ಹೆಂಚಿಗೆ ಹೋಗುವ ಮೊದಲೇ ಮೂರು ಹೋಳಾಗುತ್ತಿತ್ತು. ಆಗ ಎದುರುಮನೆಯವರು, ಬಿಟಿಎಂ ಕಡೆ ಒಂದು ಮೆಸ್ಸಿಗೆ ರೊಟ್ಟಿ ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆ ಎಂದು ಹೇಳಿ ಕಳಿಸಿದರು.

ಬಂದವಳನ್ನು ನೋಡಿ ನಾನೇ ಎದ್ದು ನಿಂತೆ. ಹಸಿರು ಒಡಲಿಗೆ ಕೆಂಪು ಸೆರಗಿನ ಇಳಕಲ್ ಸೀರೆ, ಮೂಗಿನಲ್ಲಿ ಮುತ್ತಿನ ಮೂಗುತಿ, ಎರಡು ಕೈ ತುಂಬ ಹಸಿರು ಗಾಜಿನ ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೊರಳಲ್ಲಿ ತಾಳಿಯ ಜೊತೆ ಗುಂಡಿನ ಸರ. ಯಾರೋ ಅರಿಶಿನ ಕುಂಕುಮಕ್ಕೆ ಕರೆಯಲು ಬಂದಿದ್ದಾರೆ ಎಂದುಕೊಂಡು "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದೆ. ಅವಳು ಕೂರದೆ, "ಅಕ್ಕಾರ, ರೊಟ್ಟಿ ಮಾಡಾಕ ಬಂದೀನ್ರಿ" ಎಂದಳು. ಸರ ರೋಲ್ಡ್ ಗೋಲ್ಡು, ಸೀರೆ ಇದ್ದುದರಲ್ಲಿ ಒಳ್ಳೆಯದು ಎಂದು ಗೊತ್ತಾದದ್ದು ಆಮೇಲೆ. ಮರುದಿನದಿಂದ ಮಾಸಿದ ಸೀರೆ ಉಟ್ಟು ಬಂದಳು. ಹೊಸಬರ ಮನೆಗೆ ಮೊದಲ ಸಲ ಹೋಗುವಾಗ ಮಾತ್ರ ಹಾಗಂತೆ.

ಹುನಗುಂದದ ಕಡೆಯ ಹಳ್ಳಿಯವಳು. ಊರು ಬಿಟ್ಟದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ಮೂವರು ಅಣ್ಣತಮ್ಮಂದಿರು, ಮೂವರು ಸೊಸೆಯರು, ಒಂದೇ ಒಲೆ. ಹಿರಿಯ ಸೊಸೆಗೂ ಇವಳಿಗೂ ಒಂದು ದಿನ ಹಿಟ್ಟಿನ ಡಬ್ಬಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಗಂಡ ಹಣಮಪ್ಪನ ಕೈ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದಳು. "ಸಿಟ್ಟು ಇಳದ ಮ್ಯಾಲ ವಾಪಸ್ ಹೋಗೂನು ಅಂತ ಬಂದಿವ್ರಿ. ಸಿಟ್ಟು ಇಳೀತು, ಬಸ್ಸಿನ ಚಾರ್ಜು ಏರಿತು, ಇಲ್ಲೇ ಉಳದಿವಿ" ಎಂದು ಅವಳು ಹೇಳುವುದು. ಹಣಮಪ್ಪ ಮೊದಲು ಕಟ್ಟಡದ ಕೆಲಸ ಮಾಡಿದ, ಆಮೇಲೆ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯಲು ಸೇರಿದ. ಸುದ್ದಗುಂಟೆಪಾಳ್ಯದಲ್ಲಿ ವಠಾರದ ಒಂದು ರೂಮು. ಒಬ್ಬಳೇ ಮಗಳು, ಗದಗಿಗೆ ಕೊಟ್ಟಿದ್ದಾರೆ. ಲಕ್ಕವ್ವ ಬೆಳಗ್ಗೆ ಮೆಸ್ಸಿಗೆ ರೊಟ್ಟಿ ತಟ್ಟಿ, ಬಸ್ಸು ಹಿಡಿದು ನಮ್ಮ ಮನೆಗೆ ಬಂದು ನನ್ನೊಬ್ಬಳಿಗಾಗಿ ಮತ್ತೆ ತಟ್ಟುತ್ತಾಳೆ. ತಟ್ಟುತ್ತಾ ಅವಳು, ತಿನ್ನುತ್ತಾ ನಾನು, ಇಬ್ಬರೂ ಊರವರನ್ನೆಲ್ಲ ಆಡಿಕೊಳ್ಳುತ್ತೇವೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ಬೇರೆಯವರ ಮಾತು ಜೋಡಿಸಿಕೊಟ್ಟವಳು ನಾನು. ಯಜಮಾನರು ಹೋದ ಮೇಲೆ ನನ್ನ ಮಾತಿಗೆ ಆ ಕಡೆಯಿಂದ ಉತ್ತರ ಬಂದದ್ದು ಲಕ್ಕವ್ವನಿಂದಲೇ. ಆ ಋಣ ದೊಡ್ಡದು.

ಹಣಮಪ್ಪನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಮೊದಮೊದಲು ಗ್ಯಾಸು ಎಂದು ಸೋಡ ಕುಡಿದ. ಬೀದಿಯ ಕ್ಲಿನಿಕ್ಕಿನವರು ಧೂಳು, ಅಲರ್ಜಿ ಎಂದು ಮಾತ್ರೆ ಕೊಟ್ಟರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದ. ಕಾಲು ಊದಿಕೊಂಡಾಗ ಲಕ್ಕವ್ವ ನನಗೆ ಹೇಳಿದಳು. ನಾನು ಸರಿಯಾಗಿ ಬೈದು ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ದೊಡ್ಡ ಡಾಕ್ಟರ ಹತ್ತಿರ ಹೋದೆ. ಎದೆಯ ಸ್ಕ್ಯಾನ್ ಮಾಡಿಸಿ ನೋಡಿ, ಹೃದಯದ ಒಂದು ಕವಾಟ ಕೆಟ್ಟು ಹೋಗಿದೆ, ತೆಗೆದು ಬೇರೆಯದನ್ನು ಕೂರಿಸಬೇಕು ಎಂದರು. "ತಿಂಗಳುಗಟ್ಟಲೆ ಕಾಯೋ ಹಾಗಿಲ್ಲಮ್ಮ" ಎಂದು ನನ್ನ ಮುಖ ನೋಡಿ ಹೇಳಿದರು, ಅವಳ ಮುಖ ನೋಡಿ ಹೇಳಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರುಗಳಿದ್ದರು, ಆದರೆ ಅವರ ಮುಂದೆ ಇಡೀ ರಾಜ್ಯವೇ ಸಾಲಿನಲ್ಲಿ ನಿಂತಿತ್ತು. ಕೊಟ್ಟ ತಾರೀಖು ಬಹಳ ದೂರ. ಬೇರೆ ಕಡೆ ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಮಾಡಿಸೋಣವೆಂದರೆ ಅದಕ್ಕೆ ರೇಷನ್ ಕಾರ್ಡು ಬೇಕು. ಇವರ ಹೆಸರಿದ್ದ ಕಾರ್ಡು ಊರಲ್ಲಿ, ಹಿರಿಯಣ್ಣನ ಹತ್ತಿರ. ಬೇರೆಯಾದ ಮೇಲೆ ಅವನು ಇವರ ಹೆಸರು ತೆಗೆಸಿದ್ದ. ಇಲ್ಲಿ ಹೊಸ ಕಾರ್ಡು ಕೇಳಿದರೆ ಇವತ್ತು ಸರ್ವರ್ ಇಲ್ಲ, ನಾಳೆ ಸಾಹೇಬರಿಲ್ಲ. ನಾನು ಕೊಡಬಹುದಾದದ್ದು, ಮಗಳು ಕಳಿಸಬಹುದಾದದ್ದು ಎಲ್ಲ ಸೇರಿಸಿದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಉಳಿದದ್ದು ಒಂದೇ ದಾರಿ. ಬನಶಂಕರಿ ಕಡೆ ಒಂದು ಟ್ರಸ್ಟಿನ ಆಸ್ಪತ್ರೆ ಇದೆ. ಹೆಸರು ಬೇಡ. ಬಡವರಿಗೆಂದು ಅಲ್ಲಿ ಕೆಲವು ಹಾಸಿಗೆ ಮೀಸಲು. ನಿಜವಾದ ಬಡವರು ಯಾರು ಎಂದು ನೋಡಿ ಬರೆಯಲು ಒಬ್ಬ ಅಧಿಕಾರಿಯಿದ್ದಾರೆ, ಶಶಿಧರ್ ಎಂದು. ಅವರು ಬರೆದರೆ ಆಪರೇಷನ್ ಪುಕ್ಕಟೆ, ಬರೆಯದಿದ್ದರೆ ಇಲ್ಲ.

"ನಾಳೆ ಬೆಳಗ್ಗೆ ಹೋಗಿ ಅವರನ್ನ ನೋಡು, ಇರೋದನ್ನ ಇದ್ದ ಹಾಗೆ ಹೇಳು" ಎಂದು ಕಳಿಸಿದೆ. ಅವಳು ಹೋದಳು. ಹೇಗೆ ಹೋದಳು? ಅದೇ ಇಳಕಲ್ ಸೀರೆ, ಮೂಗುತಿ, ಗುಂಡಿನ ಸರ, ತಲೆಗೆ ಎಣ್ಣೆ ಹಚ್ಚಿ ಬಾಚಿದ ತುರುಬು, ತುರುಬಿಗೆ ಸೇವಂತಿಗೆ. ಹಣಮಪ್ಪನಿಗೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ರುಮಾಲು. ಅವರ ಕಡೆ ಹಾಗೆಯೇ. ಆಸ್ಪತ್ರೆಗೆ ಹೋಗುವುದೆಂದರೆ ದೊಡ್ಡವರ ಮುಂದೆ ಹೋಗಿ ನಿಲ್ಲುವುದು. ದೊಡ್ಡವರ ಮುಂದೆ ಹರಕು ಉಟ್ಟು ನಿಂತರೆ ಅವರಿಗೂ ಅವಮಾನ, ತಮಗೂ ಅವಮಾನ.

ಶಶಿಧರ್ ಅವರು ಅಡಿಯಿಂದ ಮುಡಿಯವರೆಗೆ ನೋಡಿ, ನಾಲ್ಕು ಮಾತು ಕೇಳಿ, "ಸ್ವಲ್ಪ ರಿಯಾಯಿತಿ ಕೊಡಿಸ್ತೀನಮ್ಮ, ಪೂರ್ತಿ ಫ್ರೀ ಆಗಲ್ಲ. ನಿಮಗಿಂತ ಕಷ್ಟದಲ್ಲಿರೋರು ಬಹಳ ಜನ ಇದಾರೆ" ಎಂದರಂತೆ. ಲಕ್ಕವ್ವ ಅವರಿಗೆ ಕೈ ಮುಗಿದು ಬಂದಳು. ನನಗೆ ಹೇಳುವಾಗಲೂ, "ಪಾಪ, ಭಾಳ ಒಳ್ಳೇರು ಅದಾರ್ರಿ. ಕುಂದರ್ರಿ ಅಂದ್ರು" ಎಂದಳು. ನನ್ನ ರಕ್ತ ಕುದಿಯಿತು.

ಹೋದ ವರ್ಷ ನನಗೂ ಎದೆ ಹಿಡಿದುಕೊಂಡಿತ್ತು. ಪಿಂಚಣಿಯವರ ಕಾರ್ಡು ತೋರಿಸಿದೆ, ಗಾಲಿ ಕುರ್ಚಿಯಲ್ಲಿ ಕೂರಿಸಿ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸ್ಟೆಂಟು ಹಾಕಿಯಾಗಿತ್ತು. ಸಂಜೆ ಒಂದು ಹುಡುಗಿ ಬಂದು "ಮೇಡಂ, ಕಾಫಿನಾ ಟೀನಾ?" ಎಂದು ಕೇಳಿದಳು. ನಾನು ಯಾವ ಸೀರೆ ಉಟ್ಟಿದ್ದೇನೆ ಎಂದು ಯಾರೂ ನೋಡಲಿಲ್ಲ. ಬದುಕುವ ಯೋಗ್ಯತೆ ನಿನಗಿದೆಯೇ ಎಂದು ಯಾರೂ ಕೇಳಲಿಲ್ಲ. ನನ್ನ ಹೃದಯವೂ ಹಣಮಪ್ಪನ ಹೃದಯವೂ ಒಂದೇ ಊರಿನಲ್ಲಿ, ಒಂದೇ ಬಸ್ಸಿನ ದಾರಿಯಲ್ಲಿ ಬಡಿದುಕೊಳ್ಳುತ್ತಿದ್ದವು. ನನ್ನದಕ್ಕೆ ಕಾರ್ಡಿತ್ತು, ಅಷ್ಟೇ.

ನನ್ನ ತಮ್ಮ ಕಿಟ್ಟಿ ಆ ದಿನ ಮನೆಗೆ ಬಂದಿದ್ದ. ಕಿಟ್ಟಿಗೆ ಜೆ.ಪಿ. ನಗರದಲ್ಲಿ ಎರಡು ಮನೆ ಬಾಡಿಗೆ ಬರುತ್ತದೆ. ಆದರೂ ಆಸ್ಪತ್ರೆಗೆ ಹೋಗುವ ದಿನ ಕಾಲರು ಸವೆದ ಅಂಗಿ ಹುಡುಕಿ ಹಾಕಿಕೊಳ್ಳುತ್ತಾನೆ, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಾನೆ, ಕಾರನ್ನು ಎರಡು ರಸ್ತೆ ಆಚೆ ನಿಲ್ಲಿಸಿ ಕುಂಟುತ್ತಾ ನಡೆದು ಹೋಗುತ್ತಾನೆ. ಹಾಗೆ ಹೋಗಿ ಬಿಲ್ಲಿನಲ್ಲಿ ಕಡಿಮೆ ಮಾಡಿಸಿಕೊಂಡು ಬಂದು ನಮ್ಮೆದುರು ಮೀಸೆ ತಿರುವುತ್ತಾನೆ. ಅವನಿಗೆ ಲಕ್ಕವ್ವನ ಕತೆ ಕೇಳಿ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಏನಮ್ಮ ಲಕ್ಕವ್ವ, ಫ್ರೀ ಕೇಳಕ್ಕೆ ಹೋಗೋರು ಹೂ ಮುಡ್ಕೊಂಡು ಹೋಗ್ತಾರಾ? ಅಳೋ ಮಗೂಗೇ ಹಾಲು. ಇನ್ನೊಂದ್ಸಲ ಹೋಗು. ಹಳೇ ಸೀರೆ ಉಟ್ಕೊ. ತಲೆ ಬಾಚ್ಕೋಬೇಡ. ಆ ಸರ, ಮೂಗುತಿ, ಬಳೆ ಎಲ್ಲಾ ತೆಗೆದು ಇಲ್ಲೇ ನಮ್ಮಕ್ಕನ ಹತ್ರ ಕೊಟ್ಟು ಹೋಗು. ಕುಂಕುಮಾನೂ ಸಣ್ಣದಾಗಿ ಇಟ್ಕೊ. ಕೂತ್ಕೊಳ್ಳಿ ಅಂದ್ರೆ ಕೂತ್ಕೋಬೇಡ, ನೆಲದ ಮೇಲೆ ಕುಸಿದುಬಿಡು. ಆಮೇಲೆ ಅಳು. ಕೆಲಸ ಆಗ್ಲಿಲ್ಲ ಅಂದ್ರೆ ನನ್ನ ಕೇಳು."

ಲಕ್ಕವ್ವ ಹಿಟ್ಟಿನ ಕೈಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಹಳೇ ಸೀರೆ ಎಂದಾಗ ತಲೆಯಾಡಿಸಿದಳು. ಬಳೆ ಎಂದಾಗ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಬಳಿ ಬ್ಯಾಡ್ರಿ ಅಣ್ಣಾರ. ಅವರು ಹಾಸಿಗ್ಯಾಗ ಅದಾರ."

ನನಗೆ ಒಳ್ಳೆ ಸಿಟ್ಟು ಬಂತು. ಯಜಮಾನರು ತೀರಿಕೊಂಡಾಗ ಕುಂಕುಮ ಅಳಿಸು, ಬಳೆ ತೆಗೆ ಎಂದು ಬಂದವರನ್ನು ಗೇಟಿನಿಂದಾಚೆ ಕಳಿಸಿದವಳು ನಾನು. "ಬಳೆ ಗಾಜಿನದು ಕಣೆ, ಅವನ ಹೃದಯ ಅಲ್ಲ. ತೆಗೆದ ಮಾತ್ರಕ್ಕೆ ಏನೂ ಆಗಲ್ಲ" ಎಂದೆ.

"ನಿಮಗ ಆಗೂದಿಲ್ರಿ ಅಕ್ಕಾರ. ನನಗ ಆಕ್ಕೈತಿ" ಎಂದು ಹೇಳಿ ಅವಳು ರೊಟ್ಟಿ ತಟ್ಟಲು ಕೂತಳು. ಆ ಹೊತ್ತಿನ ರೊಟ್ಟಿ ಎಂದಿಗಿಂತ ತೆಳ್ಳಗಿತ್ತು. ಅಷ್ಟು ಬಡಿದಿದ್ದಳು.

ಎರಡನೇ ಸಲ ಅವಳ ಜೊತೆಗಿರಲೆಂದು ನಾನೂ ಹೋದೆ. ಆಸ್ಪತ್ರೆಯ ಗೇಟಿನ ಹತ್ತಿರ ಕಾಯುತ್ತಾ ನಿಂತ ನನಗೆ ಅವಳು ಬಸ್ಸಿನಿಂದ ಇಳಿಯುವಾಗಲೇ ಬಳೆಗಳ ಸದ್ದು ಕೇಳಿಸಿತು. ತೆಗೆಯುವ ಮಾತು ಹಾಗಿರಲಿ, ಬರುವ ದಾರಿಯಲ್ಲಿ ಬಳೆಗಾರನ ಹತ್ತಿರ ಕೂತು ಇನ್ನಷ್ಟು ಇಡಿಸಿಕೊಂಡು ಬಂದಿದ್ದಳು. ಗಂಡನ ಪ್ರಾಣಕ್ಕೆ ಕಂಟಕವಿರುವಾಗ ಕೈ ತುಂಬಿಸಿಕೊಳ್ಳಬೇಕಂತೆ. ನಾನು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ. ನಾನು ಬಾಯಿ ಮುಚ್ಚುವುದು ಅಪರೂಪ.

ಒಳಗೆ ಉದ್ದನೆಯ ಬೆಂಚು. ಕೂತವರೆಲ್ಲ ಮಾಸಿದ ಬಟ್ಟೆ, ಕೆದರಿದ ತಲೆ. ಅವರಲ್ಲಿ ನಿಜವಾಗಿ ನೊಂದವರೆಷ್ಟು, ನಮ್ಮ ಕಿಟ್ಟಿಯಂಥವರೆಷ್ಟು ಎಂದು ದೇವರೇ ಹೇಳಬೇಕು. ಒಬ್ಬರ ಮಣಿಕಟ್ಟಿನಲ್ಲಿ ಗಡಿಯಾರ ಬಿಚ್ಚಿದ ಬಿಳಿ ಗುರುತು ಇತ್ತು. ಅವರ ಮಧ್ಯೆ ಲಕ್ಕವ್ವ ಹೋಗಿ ಬೆನ್ನು ನೇರ ಮಾಡಿಕೊಂಡು ಕೂತಳು. ದಿನವೂ ಇಂಥ ಬೆಂಚನ್ನು ನೋಡಿ ನೋಡಿ ಶಶಿಧರ್ ಅವರ ಕಣ್ಣಿಗೆ ಯಾರನ್ನೂ ನಂಬದ ರೋಗ ಬಂದಿದ್ದರೆ ಅದು ಅವರ ತಪ್ಪಲ್ಲ ಎಂದು ಈಗ ಅನ್ನಿಸುತ್ತದೆ. ಅವತ್ತು ಹಾಗೆ ಅನ್ನಿಸಲಿಲ್ಲ.

"ಏನಮ್ಮ, ಮತ್ತೆ ಬಂದ್ರಾ? ಮದುವೆ ಮನೆಯಿಂದ ಬಂದ ಹಾಗಿದೆ" ಎಂದರು ಅವರು. ಗೇಲಿಗೆ ಅಂದದ್ದಲ್ಲ, ಸುಸ್ತಾಗಿ ಅಂದದ್ದು. ನಾನು ಉತ್ತರ ಕೊಡಲು ಮುಂದೆ ಬಂದೆ. ಲಕ್ಕವ್ವ ನನ್ನನ್ನು ಮೊಳಕೈಯಿಂದ ಹಿಂದೆ ತಳ್ಳಿದಳು.

"ಸಾಹೇಬ್ರ, ಈ ಸರ ಖೊಟ್ಟಿ ಐತ್ರಿ, ಬೇಕಂದ್ರ ಕಡದು ನೋಡ್ರಿ. ಸೀರಿ ಮಗಳ ಮದವ್ಯಾಗಿಂದು. ಬಳಿ ಅಂತೂ ಗಾಜಿನವು. ಆದ್ರ ತಗದು ಬಾ ಅನಬ್ಯಾಡ್ರಿ. ಇವನ್ನ ತಗಿಯೂ ಹೊತ್ತು ಬರಬಾರದು ಅಂತನ ನಾ ನಿಮ್ಮ ಮುಂದ ಬಂದು ನಿಂತೀನಿ."

ಶಶಿಧರ್ ಪೆನ್ನು ಕೆಳಗಿಟ್ಟರು. "ನಾಳಿದ್ದು ನಿಮ್ಮ ಮನೆಗೆ ಬರ್ತೀನಿ. ಮನೆ ನೋಡಿ ಬರೆಯೋ ಅಧಿಕಾರ ನನಗಿದೆ. ಮಾತು ಕೇಳಿ ಬರೆಯೋ ಅಧಿಕಾರ ಇಲ್ಲ" ಎಂದರು.

ಹೊರಗೆ ಬಂದು ನಾನು ಕುಣಿಯುವುದೊಂದು ಬಾಕಿ. ಇನ್ನೇನು ಬೇಕು! ಶೀಟಿನ ಸೂರು, ಒಂದೇ ರೂಮು, ಮೂಲೆಯಲ್ಲಿ ಒಲೆ, ಗೋಡೆಗೆ ಒರಗಿ ಏದುಸಿರು ಬಿಡುವ ಹಣಮಪ್ಪ. ಯಾರೂ ಬಾಯಿ ತೆರೆಯುವುದೇ ಬೇಡ, ಆ ರೂಮು ತಾನೇ ಮಾತಾಡುತ್ತದೆ. ಕಿಟ್ಟಿಗೂ ಫೋನು ಮಾಡಿ ಹೇಳಿದೆ. "ಮನೆ ನೋಡಿದ್ರೆ ಮುಗೀತು ಬಿಡು ಅಕ್ಕ" ಎಂದ.

ಹೇಳಿದ ದಿನ ಸ್ವಲ್ಪ ಮುಂಚೆಯೇ ಸುದ್ದಗುಂಟೆಪಾಳ್ಯಕ್ಕೆ ಹೋದೆ. ಬಾಗಿಲಲ್ಲಿ ರಂಗೋಲಿ. ಒಳಗೆ ಕಾಲಿಟ್ಟವಳು ಬೇರೆ ಯಾರದೋ ಮನೆಗೆ ಬಂದೆನೇನೋ ಎಂದು ಹಿಂದೆ ಸರಿದೆ. ನೆಲದ ಮೇಲೆ ಹೂವಿನ ಜಮಖಾನ. ನಡುವೆ ಕೈಯಿರುವ ಕೆಂಪು ಕುರ್ಚಿ, ಅದರ ಬೆನ್ನಿಗೆ ಬಿಳಿ ಟವಲು. ಟೇಬಲ್ ಫ್ಯಾನೊಂದು ತಲೆ ಆಡಿಸುತ್ತಾ ತಿರುಗುತ್ತಿತ್ತು. ಹಿಟ್ಟಿನ ಮೂಟೆಗಳ ಮೇಲೆ ಕಸೂತಿ ಹಾಕಿದ ಬೆಡ್‌ಶೀಟು ಹೊದಿಸಿ ಮಂಚದಂತೆ ಮಾಡಿದ್ದಳು. ಬೋನ್ ಚೈನಾ ಕಪ್ಪು ಬಸಿ ಬೇರೆ! ಹಣಮಪ್ಪನಿಗೆ ನೀಟಾಗಿ ಕ್ಷೌರ ಮಾಡಿಸಿ, ಬಿಳಿ ಅಂಗಿ ತೊಡಿಸಿ ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದಳು. ಅವನು ನನ್ನನ್ನು ನೋಡಿ, ನಾನೇನು ಮಾಡಲಿ ಎನ್ನುವ ಹಾಗೆ ಕೈ ಆಡಿಸಿದ.

"ಏನೇ ಇದು, ಲಕ್ಕವ್ವ?"

"ವಠಾರದಾಗ ಕೇಳಿ ತಂದೀನ್ರಿ. ಆಫೀಸರು ಮನಿಗೆ ಬರಾಕತ್ತಾರ, ನೆಲದ ಮ್ಯಾಲ ಕುಂದ್ರಸಾಕ ಆಕ್ಕೈತೇನ್ರಿ?"

"ಅಯ್ಯೋ ನಿನ್ನ! ಅವರು ಬರ್ತಿರೋದೇ ನಿಮ್ಮ ಹತ್ರ ಏನೂ ಇಲ್ಲ ಅನ್ನೋದನ್ನ ನೋಡಕ್ಕೆ ಕಣೆ!"

"ಬಡತನ ಇದ್ರ ಇರವಲ್ದ್ಯಾಕ್ರಿ. ಬಂದವರಿಗೆ ತೋರಸೂದೇನ ಐತಿ?"

ಮನೆಗೆ ಬಂದವರನ್ನು ಹೇಗೆ ಕಾಣಬೇಕು ಎನ್ನುವುದು ಅವಳ ಮೈಯಲ್ಲಿ ಹುಟ್ಟಿನಿಂದ ಬಂದದ್ದು. ಬಂದವನು ಗಂಡನ ಪ್ರಾಣದ ಲೆಕ್ಕ ಹಾಕಲು ಬಂದವನಾದರೂ ಅದು ಬದಲಾಗುವುದಿಲ್ಲ. ನಾನು ಮೊದಲು ಫ್ಯಾನಿನ ಪ್ಲಗ್ಗಿಗೆ ಕೈ ಹಾಕಿದೆ. ಅಷ್ಟರಲ್ಲಿ "ಹಣಮಪ್ಪ ಅವರ ಮನೆ ಇದೇನಾ?" ಎಂದು ಶಶಿಧರ್ ಬಾಗಿಲಲ್ಲಿ ನಿಂತಿದ್ದರು. ನನ್ನ ಎದೆಯಲ್ಲಿದ್ದ ಸ್ಟೆಂಟು ಅವತ್ತು ಒಳ್ಳೆಯ ಪರೀಕ್ಷೆಯನ್ನೇ ಪಾಸು ಮಾಡಿತು.

ಅವರು ಕುರ್ಚಿಯಲ್ಲಿ ಕೂತರು. ಜಮಖಾನ ನೋಡಿದರು. ಫ್ಯಾನು ನೋಡಿದರು. ಮಂಚವಲ್ಲದ ಮಂಚವನ್ನು ನೋಡಿದರು. "ಮನೆ ಚೆನ್ನಾಗೇ ಇಟ್ಕೊಂಡಿದೀರಲ್ಲಮ್ಮ" ಎಂದರು. ಲಕ್ಕವ್ವನ ಮುಖ ಅರಳಿತು. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಹಣಮಪ್ಪ ಎದ್ದು ಕೈ ಮುಗಿಯಲು ಹೋಗಿ ಉಸಿರು ಸಾಲದೆ ಅಲ್ಲಿಯೇ ಕೂತ. ಎರಡು ಮಾತು ಆಡಿ ಹೋಗಲಿದ್ದವರನ್ನು ಲಕ್ಕವ್ವ ಬಿಡಲಿಲ್ಲ. "ಒಂದು ತುತ್ತು ಉಂಡು ಹೋಗ್ರಿ. ಹಂಗ ಹೋಗಬಾರದ್ರಿ" ಎಂದು ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಟ್ಟೆಗೆ ಹಾಕಿಯೇಬಿಟ್ಟಳು. ಅವರು ಬೇಡ ಬೇಡ ಎನ್ನುತ್ತಲೇ ಮೊದಲ ತುತ್ತು ಬಾಯಿಗಿಟ್ಟರು. ಆಮೇಲೆ ಬೇಡ ಎನ್ನಲಿಲ್ಲ.

ಆಗ ಬಾಗಿಲಿಗೆ ಸೊಣ್ಣಮ್ಮ ಬಂದಳು. ಅದೇ ವಠಾರದವಳು, ಬೆಳಗ್ಗೆ ಸೊಪ್ಪು ಮಾರುತ್ತಾಳೆ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಲಕ್ಕವ್ವನಿಗೆ ಕಣ್ಸನ್ನೆ ಮಾಡಿದಳು. ಲಕ್ಕವ್ವ ಕಣ್ಣಿನಲ್ಲೇ ತಡಿ ಎಂದಳು. ಸೊಣ್ಣಮ್ಮ ಕೆಮ್ಮಿದಳು. ಲಕ್ಕವ್ವ ಇನ್ನೊಂದು ರೊಟ್ಟಿ ಬಡಿಸಿದಳು. ಸೊಣ್ಣಮ್ಮನಿಗೆ ತಡೆಯಲಾಗಲಿಲ್ಲ.

"ತಪ್ ತಿಳ್ಕೋಬೇಡಿ ಸಾರ್. ಲಕ್ಕವ್ವಾ, ನಮ್ ಅಳಿಯ ಹೇಳ್ದೆ ಕೇಳ್ದೆ ಬಂದ್ಬಿಟ್ಟವ್ನೆ. ನಿಂತೇ ಅವ್ನೆ ಕಣೆ. ಕುರ್ಚಿ ಬೇಕಿತ್ತು."

ಶಶಿಧರ್ ಅವರು ಸೊಣ್ಣಮ್ಮನನ್ನು ನೋಡಿದರು, ತಾವು ಕೂತ ಕುರ್ಚಿಯನ್ನು ನೋಡಿದರು. ತಟ್ಟೆ ಹಿಡಿದುಕೊಂಡೇ ಎದ್ದು ಕುರ್ಚಿಯನ್ನು ಅವಳ ಕಡೆ ತಳ್ಳಿದರು. "ತಗೊಂಡು ಹೋಗಮ್ಮ. ಅಳಿಯನ್ನ ನಿಲ್ಲಿಸಬಾರದು" ಎಂದರು. ಸೊಣ್ಣಮ್ಮ ಕುರ್ಚಿ ಎತ್ತಿಕೊಂಡು ಓಡಿದಳು. ಅವಳ ಅಳಿಯ ಯಾರೋ, ಹೆಸರೇನೋ, ನಾನು ಇವತ್ತಿನವರೆಗೆ ಅವನ ಮುಖ ಕಂಡಿಲ್ಲ. ಆದರೆ ದೇವರಿಗೆ ದೀಪ ಹಚ್ಚುವಾಗ ಅವನನ್ನೂ ನೆನೆಯುತ್ತೇನೆ.

ಶಶಿಧರ್ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. "ಇದು ಯಾರದಮ್ಮ?" ಎಂದು ಜಮಖಾನ ಮುಟ್ಟಿ ಕೇಳಿದರು.

ಲಕ್ಕವ್ವ ತಲೆ ತಗ್ಗಿಸಿದಳು. "ಮ್ಯಾಲಿನ ರೂಮಿನ ಮೌನೇಶಂದರಿ. ಫ್ಯಾನೂ ಅವಂದ."

"ಕಪ್ಪು ಬಸಿ?"

"ಮನಿ ಮಾಲಕರದ್ರಿ."

"ಈ ತಟ್ಟೆ?"

"ತಾಟು ನಮ್ಮದ್ರಿ. ರೊಟ್ಟೀನೂ ನಮ್ಮವ" ಎಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಸ್ಪತ್ರೆಯಲ್ಲಿ ಅತ್ತಿದ್ದರೆ ಕೆಲಸ ಆಗುತ್ತಿತ್ತು ಎಂದು ಕಿಟ್ಟಿ ಹೇಳಿದ್ದ. ಅಲ್ಲಿ ಅವಳಿಗೆ ಅಳು ಬಂದಿರಲಿಲ್ಲ. ಬಡತನ ಕಂಡಿತಲ್ಲ ಎಂದು ಇಲ್ಲಿ ಅತ್ತಳು.

ಶಶಿಧರ್ ರೊಟ್ಟಿ ಪೂರ್ತಿ ತಿಂದರು. ಮೊಸರು ಬಳಿದುಕೊಂಡು ತಿಂದರು. ಕೈ ತೊಳೆದು ಹೊರಗೆ ಬಂದ ಮೇಲೆ ನನ್ನನ್ನು ಕರೆದು ಹೇಳಿದರು. "ನಾನು ಬರ್ತೀನಿ ಅಂದ್ರೆ ಟೀವಿ, ಫ್ರಿಜ್ಜು ಪಕ್ಕದ್ಮನೇಲಿ ಬಚ್ಚಿಡೋರ್ನ ಬೇಕಾದಷ್ಟು ನೋಡಿದೀನಿ ಮೇಡಂ. ಪಕ್ಕದ್ಮನೆ ಕುರ್ಚಿ ತಂದು ಹಾಕಿದವರನ್ನ ಇವತ್ತೇ ನೋಡಿದ್ದು. ಸೋಮವಾರ ಅಡ್ಮಿಟ್ ಮಾಡಿಸಿ, ಪೂರ್ತಿ ಫ್ರೀ. ನಾನು ಬರೀತೀನಿ." ಆ ಮನುಷ್ಯನನ್ನು ನಾನು ಮನಸ್ಸಿನಲ್ಲಿ ಏನೇನೆಲ್ಲ ಬೈದಿದ್ದೆನೋ ಅವೆಲ್ಲ ಹಿಂದಕ್ಕೆ ತೆಗೆದುಕೊಂಡೆ. ಬಾಯಲ್ಲಿ ಮಾತ್ರ "ಥ್ಯಾಂಕ್ಸ್ ಸಾರ್" ಎಂದಷ್ಟೇ ಬಂತು.

ನನಗೆ ಇಷ್ಟೆಲ್ಲ ಆದ ಮೇಲೂ ಒಂದು ಸಿಟ್ಟು ಉಳಿದಿದೆ. ಒಬ್ಬ ಅಳಿಯ ಆ ಹೊತ್ತಿಗೆ ಬರದಿದ್ದರೆ? ಮನುಷ್ಯನ ಜೀವ ಹಾಗೆಲ್ಲ ಒಂದು ಕುರ್ಚಿಯ ಮೇಲೆ ನಿಲ್ಲಬಾರದು. ಆದರೆ ಸಿಟ್ಟನ್ನು ಬಡಿಸಿಕೊಂಡು ಉಣ್ಣಲಾಗುವುದಿಲ್ಲ. ಸಿಕ್ಕಿದ ಒಳ್ಳೆಯದಕ್ಕೆ ಕೈ ಮುಗಿಯಬೇಕು ಎಂದು ಲಕ್ಕವ್ವ ಹೇಳುತ್ತಾಳೆ. ಅದು ನನಗೆ ಅವಳಿಂದ ಬಂದ ವಿದ್ಯೆ.

ರಕ್ತ ಬೇಕು ಎಂದಾಗ ಫ್ಯಾನು ಕೊಟ್ಟಿದ್ದ ಮೌನೇಶ, ಲಕ್ಕವ್ವನ ರೊಟ್ಟಿ ಹೋಗುವ ಮೆಸ್ಸಿನಲ್ಲಿ ಒಂದು ಮಾತು ಹೇಳಿದ. ಆಫೀಸಿಗೆ ಹೋಗುವ ಹುಡುಗರು ತಿಂಡಿ ಬಿಟ್ಟು ಬಂದು, ತಿಂಡಿ ತಿನ್ನದೆ ಕೊಡುವ ಹಾಗಿಲ್ಲ ಎಂದು ನರ್ಸಮ್ಮನಿಂದ ಬೈಸಿಕೊಂಡು, ತಿಂದು ಬಂದು ಕೊಟ್ಟು ಹೋದರು. ಆಪರೇಷನ್ನಿನ ದಿನ ಕಿಟ್ಟಿಯೂ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕಾರನ್ನು ಆಸ್ಪತ್ರೆಯ ಗೇಟಿನಲ್ಲೇ ನಿಲ್ಲಿಸಿದ.

ಹಣಮಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಲಕ್ಕವ್ವ ಬಾಗಿಲಿನ ಎದುರು ಗೋಡೆಗೆ ಒರಗಿ ನಿಂತಳು. ಕೂರು ಎಂದರೆ ಕೂರಲಿಲ್ಲ. ಕಿಟ್ಟಿ ಇಡ್ಲಿ ತಂದ, ಮುಟ್ಟಲಿಲ್ಲ. ಕಾಫಿ ತಂದ, ಅದು ಆರಿ ಕೆನೆ ಕಟ್ಟಿತು. ಬೈದು ನೋಡಿದೆ, ನನ್ನ ಬೈಗುಳವೂ ಅವತ್ತು ಅವಳಿಗೆ ಕೇಳಿಸಲಿಲ್ಲ. ಸಂಜೆ ಡಾಕ್ಟರು ಹೊರಗೆ ಬಂದು, ಚೆನ್ನಾಗಿ ಆಯಿತು, ಆದರೆ ಎಚ್ಚರವಾಗಿ ತಾನೇ ಉಸಿರಾಡುವವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ಅವಳು ಅವರ ಕಾಲು ಮುಟ್ಟಿದಳು. ಊಟ ಮಾತ್ರ ಮಾಡಲಿಲ್ಲ.

ಮರುದಿನ ನರ್ಸ್ ಬಂದು ಹೆಸರು ಕೂಗಿದಳು. ಒಬ್ಬರೇ ಒಳಗೆ ಬರಬಹುದು ಎಂದಳು. ಲಕ್ಕವ್ವ ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. "ನನಗ ಅಂಜಿಕಿ ಆಗತೈತ್ರಿ ಅಕ್ಕಾರ" ಎಂದಳು. ನರ್ಸ್ ಅವಳ ಮುಖ ನೋಡಿ ನನಗೂ ಚಪ್ಪಲಿ ಬಿಟ್ಟು ಬನ್ನಿ ಎಂದಳು.

ಹಣಮಪ್ಪ ಕಣ್ಣು ಮುಚ್ಚಿ ಮಲಗಿದ್ದ. ಗೋಡೆಗೆ ಒರಗಿರಲಿಲ್ಲ, ಅಂಗಾತ ಮಲಗಿದ್ದ. ಎದೆ ಮೇಲೆ ಪಟ್ಟಿ, ಕೈಗೆ ನಳಿಕೆ. ಗಂಟಲಿನ ಕೊಳವೆಯನ್ನು ಬೆಳಗ್ಗೆಯಷ್ಟೇ ತೆಗೆದಿದ್ದರಂತೆ. ಏದುಸಿರಿಲ್ಲ. ಲಕ್ಕವ್ವ ಹಾಸಿಗೆಯ ಕಂಬಿ ಹಿಡಿದು ನಿಂತು ಅವನ ಹೆಸರು ಹೇಳಲಾರದೆ, "ಏನ್ರಿ" ಎಂದಳು.

ಅವನು ಕಣ್ಣು ತೆರೆದ. ಯಾರು ಎಂದು ಗೊತ್ತಾಗಲು ಸ್ವಲ್ಪ ಹೊತ್ತಾಯಿತು. ಗಂಟಲು ಕಟ್ಟಿತ್ತು, ಆದರೂ ಮಾತು ಹೊರಗೆ ಬಂತು.

"ಉಂಡ್ಯೇನ?"

"ಹೂಂ. ಉಂಡೀನ್ರಿ" ಎಂದಳು ಲಕ್ಕವ್ವ. ಅವನು ಸಮಾಧಾನದಿಂದ ಕಣ್ಣು ಮುಚ್ಚಿ ನಿದ್ದೆಗೆ ಹೋದ.

ಹೊರಗೆ ಬಂದವಳು ಬೆಂಚಿನ ಮೇಲೆ ಕೂತಳು. ಹಿಂದಿನ ದಿನದಿಂದ ಮೊದಲ ಸಲ ಕೂತದ್ದು. ನನಗೆ ಕಣ್ಣು ತುಂಬಿ ಎದುರಿನ ಗೋಡೆಯೇ ಕಾಣಿಸುತ್ತಿರಲಿಲ್ಲ. ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನನ್ನ ಕೈ ಹಿಡಿದು ಎಬ್ಬಿಸಿದಳು.

"ನಡೀರಿ ಅಕ್ಕಾರ, ಕ್ಯಾಂಟೀನಿಗೆ. ಉಂಡೀನಿ ಅಂತ ಹೇಳಿ ಬಂದೀನಿ."